ಗ್ರೂಪಿಗೆ ಮೊದಲು ಹಾಕಿದವನು

"ಹೆಗಲ ಮೇಲಿನ ಟವೆಲ್ ತೆಗೀರಿ ಯಜಮಾನ್ರೆ, ಕತ್ತು ಕಾಣ್ಬೇಕು" ಎಂದು ಪರಮೇಶ ಮೂರನೆಯ ಸಲ ಹೇಳಿದ.

ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ಬಂದಿದ್ದ ಯಜಮಾನರಿಗೆ ಟವೆಲ್ ಇಲ್ಲದೆ ಕ್ಯಾಮೆರಾದ ಮುಂದೆ ಕೂರುವುದು ನಾಲ್ಕು ಜನರ ಮುಂದೆ ಬರಿಮೈಯಲ್ಲಿ ಕೂತಷ್ಟೇ ಸಂಕೋಚ. ತೆಗೆದು ಮಡಿಸಿ ತೊಡೆಯ ಮೇಲಿಡುತ್ತಿದ್ದರು. ಪರಮೇಶ ಕ್ಯಾಮೆರಾ ಎತ್ತುವಷ್ಟರಲ್ಲಿ ಅದು ಮತ್ತೆ ಹೆಗಲೇರಿರುತ್ತಿತ್ತು. ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಅವನ ಸ್ಟುಡಿಯೋಗೆ ಈಗ ಬರುವವರೆಲ್ಲ ಇಂಥವರೇ. ಪಿಂಚಣಿಗೆ, ಪಡಿತರ ಚೀಟಿಗೆ, ಶಾಲೆಯ ಅರ್ಜಿಗೆ ಎಂದು ಎಂಟು ಫೋಟೋದ ಒಂದು ಹಾಳೆ ತೆಗೆಸಿಕೊಂಡು ಹೋಗುತ್ತಿದ್ದರು.

ಒಂದು ಕಾಲವಿತ್ತು. ಹಾಸನದಿಂದ ಅರಕಲಗೂಡಿನವರೆಗೆ ಬಳಗದಲ್ಲಿ ಯಾರ ಮದುವೆಯಾದರೂ ಫೋಟೋಗೆ ಪರಮೇಶನೇ ಆಗಬೇಕಿತ್ತು. ಅವನ ಫ್ಲ್ಯಾಶ್ ಬೀಳುವ ಮೊದಲೇ ತಾಳಿ ಕಟ್ಟಿಬಿಟ್ಟ ಮದುವೆ ಗಂಡುಗಳು ಅವನ ಮಾತಿಗೆ ಮತ್ತೊಮ್ಮೆ ಕೈ ಎತ್ತಿ ಕಟ್ಟಿದಂತೆ ನಟಿಸಿದ್ದುಂಟು, ನೆಂಟರು ಇನ್ನೊಂದು ಹಿಡಿ ಅಕ್ಷತೆ ಹಾಕಿದ್ದೂ ಉಂಟು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ಮದುವೆಗೆ ಡ್ರೋನ್ ತರಿಸುತ್ತಾರೆ. ಪರಮೇಶನಿಗೆ ಐವತ್ತೆರಡು ವರ್ಷ. ಊರವರ ಮದುವೆ ಹಿಡಿಯುವ ಗಡಿಬಿಡಿಯಲ್ಲಿ ತನ್ನದನ್ನೇ ಮರೆತ ಎಂದು ಬಳಗದವರು ಹಿಂದೆ ತಮಾಷೆ ಮಾಡುತ್ತಿದ್ದರು. ಜೊತೆಗಿದ್ದ ತಾಯಿ ಮೂರು ವರ್ಷದ ಕೆಳಗೆ ತೀರಿಕೊಂಡ ಮೇಲೆ ಆ ತಮಾಷೆಯೂ ನಿಂತಿತು. ಮಾಡುವುದಕ್ಕೆ ಮನೆಗೆ ಬರುವವರಾದರೂ ಯಾರಿದ್ದರು?

ಬಳಗದ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಇನ್ನೂರಕ್ಕೂ ಹೆಚ್ಚು ಜನ. ಅದರಲ್ಲಿ ಪರಮೇಶ ದಿನಾ ಬೆಳಿಗ್ಗೆ ದಾಸವಾಳದ ಫೋಟೋ ಹಾಕಿ ಶುಭೋದಯ ಹೇಳುತ್ತಿದ್ದ. ಹೂವು ಅವನ ಹಿತ್ತಲಿನದೇ, ಫೋಟೋ ಅವನೇ ತೆಗೆದದ್ದು. ಒಬ್ಬರೂ ಮರುಮಾತಾಡುತ್ತಿರಲಿಲ್ಲ. ಬಳಗದಲ್ಲಿ ಸಾವಾದ ದಿನ ಮಾತ್ರ ಕಥೆ ಬೇರೆ. ಹೋದವರ ಒಳ್ಳೆಯ ಫೋಟೋ ಅವರ ಮನೆಯಲ್ಲಿ ಇರುತ್ತಿರಲಿಲ್ಲ, ಪರಮೇಶನ ಹಳೆಯ ಮದುವೆ ಫೋಟೋಗಳಲ್ಲಿ ಇರುತ್ತಿತ್ತು. ಯಾರದೋ ಧಾರೆಯಲ್ಲಿ, ಯಾರದೋ ಆರತಕ್ಷತೆಯ ಸಾಲಿನಲ್ಲಿ ನಿಂತಿದ್ದ ಮುಖವನ್ನು ಅವನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಹಿಂದೆ ನೀಲಿ ಬಣ್ಣ ತುಂಬಿ, ಹಾರ ಹಾಕಿ, ಎರಡು ದೀಪ ಇಟ್ಟು, ಕೆಳಗೆ 'ಶಿವೈಕ್ಯ' ಎಂದು ಬರೆದು ಗ್ರೂಪಿಗೆ ಬಿಡುತ್ತಿದ್ದ. ಬಿಟ್ಟ ಗಳಿಗೆಯಿಂದ ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಬೀಳುತ್ತಿದ್ದವು. 'ಪರಮೇಶಣ್ಣ, ಯಾವಾಗ?' 'ಪರಮೇಶಣ್ಣ, ಮಣ್ಣು ಎಷ್ಟೊತ್ತಿಗೆ?' ತಿಂಗಳುಗಟ್ಟಲೆ ಮಾತಾಡಿಸದವರು ಹೆಸರು ಹಿಡಿದು ಕೇಳುತ್ತಿದ್ದರು. ಹಸಿದವನಿಗೆ ಅನ್ನ ಯಾರ ಮನೆಯದು ಎಂದು ವಿಚಾರಿಸುವ ತಾಳ್ಮೆ ಎಲ್ಲಿರುತ್ತದೆ? ಅಂಥ ದಿನ ಪರಮೇಶ ಎರಡು ಹೊತ್ತೂ ಸರಿಯಾಗಿ ಊಟ ಮಾಡುತ್ತಿದ್ದ.

ಇತ್ತೀಚೆಗೆ ಇದರಲ್ಲೂ ಪೈಪೋಟಿ ಹುಟ್ಟಿತ್ತು. ಚನ್ನರಾಯಪಟ್ಟಣದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಬಳಗದ ಹುಡುಗ ಸಂಜಯ್ ಹಿಂದಿನ ಸಾವಿನಲ್ಲಿ ಇವನಿಗಿಂತ ನಾಲ್ಕು ನಿಮಿಷ ಮೊದಲು ಫೋಟೋ ಹಾಕಿ ಎಲ್ಲ ಕೈಗಳನ್ನೂ ತಾನೇ ಮುಗಿಸಿಕೊಂಡಿದ್ದ. ಅಂದಿನಿಂದ ಪರಮೇಶ ಒಂದು ಉಪಾಯ ಮಾಡಿದ. ಬಳಗದಲ್ಲಿ ಎಪ್ಪತ್ತು ದಾಟಿದವರು, ಹಾಸಿಗೆ ಹಿಡಿದವರು, ಹೀಗೆ ಹನ್ನೊಂದು ಜನರ ಫೋಟೋಗಳನ್ನು ಮುಂಚೆಯೇ ಹಾರ ದೀಪ ಸಮೇತ ಸಿದ್ಧ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡ. ತಾರೀಕು ತುಂಬುವುದಷ್ಟೇ ಬಾಕಿ. ಅವಸರದಲ್ಲಿ ಮಾಡಿದರೆ ಮುಖ ಕೆಡುತ್ತದೆ, ನಿಧಾನವಾಗಿ ಮಾಡಿಟ್ಟರೆ ಹೋದವರಿಗೇ ಮರ್ಯಾದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಯಜಮಾನರ ಟವೆಲ್ ಅಂತೂ ಇಳಿಯಿತು. ಫೋಟೋ ತೆಗೆದು ಅವರನ್ನು ಕಳಿಸುವ ಹೊತ್ತಿಗೆ ಫೋನು ಬಂತು. ಹಾಸನದಲ್ಲಿ ದಿನಸಿ ಅಂಗಡಿ ಇಟ್ಟಿರುವ ಶಿವಕುಮಾರ್, ಪರಮೇಶನ ಚಿಕ್ಕಮ್ಮನ ಮಗ.

"ಅಣ್ಣಾ, ಅವ್ವ ಓಗ್ಬುಟ್ಲು ಕಣಣ್ಣಾ. ಈಗ್ಲೇ, ಅರ್ಧ ಗಂಟೆ ಆಯ್ತು."

ಚಿಕ್ಕಮ್ಮ ಗುರುಸಿದ್ದಮ್ಮ ಐದು ದಿನದಿಂದ ಹಾಸನದ ಆಸ್ಪತ್ರೆಯಲ್ಲಿದ್ದಳು. ಪರಮೇಶನ ಎದೆ ಧಸಕ್ಕೆಂದಿತು. ಅದು ಸುಳ್ಳಲ್ಲ. ಆದರೆ ಎದೆ ಧಸಕ್ಕೆನ್ನುವಾಗಲೇ ಕೈ ಮೌಸಿನ ಮೇಲಿತ್ತು.

"ಒಳ್ಳೇದೊಂದು ಫೋಟೋ ನೋಡಿಟ್ಟಿರಣ್ಣಾ, ದೊಡ್ಡದು ಮಾಡುಸ್ಬೇಕು. ಆಮೇಲೆ ಈ ಪ್ರತಿಭಾ ಇನ್ನೂ ದಾರೀಲಿ..."

"ನೀನೇನೂ ಯೋಚ್ನೆ ಮಾಡ್ಬ್ಯಾಡ ಶಿವು. ನಾನೆಲ್ಲ ನೋಡ್ಕತೀನಿ" ಎಂದು ಪರಮೇಶ ಫೋನಿಟ್ಟ.

ಚಿಕ್ಕಮ್ಮನ ಫೋಟೋ ಆಗಲೇ ಸಿದ್ಧವಿತ್ತು. ಎರಡು ದಿನದ ಹಿಂದೆ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದ ಸಂಜೆಯೇ ಮಾಡಿದ್ದ. ಅವಳ ಮಗಳು ಪ್ರತಿಭಾಳ ಮದುವೆಯಲ್ಲಿ ತೆಗೆದದ್ದು. ಧಾರೆ ಮುಗಿದ ಮೇಲೆ ಮಗಳು ತಾಯಿಯ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದ್ದಳು, ಗುರುಸಿದ್ದಮ್ಮ ಒದ್ದೆ ಕಣ್ಣಲ್ಲೇ ನಕ್ಕಿದ್ದಳು. ಬಳಗದಲ್ಲಿ ಅಷ್ಟು ಚೆನ್ನಾಗಿ ಬಿದ್ದ ಫೋಟೋ ಇನ್ನೊಂದಿಲ್ಲ. ಪರಮೇಶ ಮಗಳನ್ನು ಕತ್ತರಿಸಿ ತೆಗೆದಿದ್ದ. ಹೆಗಲ ಮೇಲಿನ ಕೈಯನ್ನು ಅಳಿಸಲು ಹೋದರೆ ಸೀರೆ ಹಾಳಾಗುತ್ತಿತ್ತು. ಅದನ್ನು ಹಾರದ ಅಡಿಯಲ್ಲಿ ಮುಚ್ಚಿದ್ದ. ತಾರೀಕು ಹಾಕಿ, ಗ್ರೂಪಿಗೆ ಬಿಟ್ಟ. ಸಂಜಯನ ಸುಳಿವಿರಲಿಲ್ಲ. ಕೈಗಳು ಬೀಳತೊಡಗಿದವು.

ಇಪ್ಪತ್ತು ನಿಮಿಷದ ಮೇಲೆ ಶಿವಕುಮಾರ್ ಮತ್ತೆ ಫೋನ್ ಮಾಡಿದ. ಧ್ವನಿ ಬೇರೆಯಾಗಿತ್ತು.

"ಅದನ್ನ ತೆಗೀರಿ ಅಣ್ಣಾ."

"ಯಾಕೋ? ತಾರೀಕು ತಪ್ಪಾಯ್ತಾ?"

"ಪ್ರತಿಭಾ ನೋಡ್ಬುಟ್ಟವ್ಳೆ. ಬಸ್ಸಲ್ಲಿ ಒಬ್ಳೇ ಅವ್ಳೆ. ಫೋನ್ ಮಾಡುದ್ರೆ ಎತ್ತಾನೇ ಇಲ್ಲ."

ಪರಮೇಶ ಅಳಿಸಿದ. ಆದರೆ ಅಷ್ಟರಲ್ಲಿ ಅದು ಇನ್ನೂ ಎಷ್ಟೋ ಜನರ ಸ್ಟೇಟಸ್ಸಿಗೆ ಏರಿತ್ತು. ಚಿಕ್ಕಮ್ಮ ಬಳಗದವರ ಫೋನಿನಲ್ಲೆಲ್ಲ ಹಾರ ಹಾಕಿಕೊಂಡು ನಗುತ್ತಿದ್ದಳು.

ಮಣ್ಣು ಅವತ್ತೇ ಸಂಜೆ ಬೂವನಹಳ್ಳಿಯ ಹತ್ತಿರ ಅವರದೇ ಹೊಲದಲ್ಲಿ ಆಯಿತು. ಪರಮೇಶ ಹೋಗಿದ್ದ. ಯಾರೂ ಏನೂ ಅನ್ನಲಿಲ್ಲ. ಪ್ರತಿಭಾ ಅವನಿದ್ದ ಕಡೆ ಕಣ್ಣೆತ್ತಿ ನೋಡಲಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆಯ ಊಟದಲ್ಲೂ ಅಷ್ಟೆ. ಸಾಲಿನಲ್ಲಿ ಪಾಯಸ ಬಡಿಸುತ್ತಾ ಬಂದವಳು ಇವನ ಎಲೆ ಬಂದಾಗ ಸೌಟನ್ನು ಪಕ್ಕದವರ ಕೈಗೆ ಕೊಟ್ಟು ಒಳಗೆ ಹೋದಳು. ಪರಮೇಶ ಅರ್ಧ ಊಟಕ್ಕೇ ಎದ್ದು ಬಸ್ಸು ಹತ್ತಿದ.

ಅವಳು ಬಂದದ್ದು ಇನ್ನೆರಡು ವಾರ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ. ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಅವಳು ಟೀಚರ್. ಅರ್ಧ ದಿನದ ಕ್ಲಾಸು ಮುಗಿಸಿ ನೇರ ಬಂದಂತಿತ್ತು, ಹೆಗಲಲ್ಲಿ ಶಾಲೆಯ ಬ್ಯಾಗು ಹಾಗೇ ಇತ್ತು. ಪರಮೇಶ ಎದ್ದು ನಿಂತ. ಕುರ್ಚಿ ಒರೆಸಿ ಕೊಟ್ಟ. ಅವಳು ಕೂರಲಿಲ್ಲ.

"ಅಣ್ಣಾ, ಆ ಫೋಟೋ ನನಗೆ ಪೂರ್ತಿ ಬೇಕು. ನೀವು ಕತ್ತರಿಸೋಕೆ ಮುಂಚೆ ಹೆಂಗಿತ್ತೋ ಹಂಗೆ. ನನ್ನ ಮಗಳು ಪ್ರೇಕ್ಷಾ ಕೇಳ್ತಾಳೆ, ಅಜ್ಜಿ ಹೆಗಲ ಮೇಲೆ ಯಾರ ಬೆರಳು ಅಂತ."

"ಬೆರಳಾ?"

"ಹಾರದ ಪಕ್ಕ ಎರಡು ಬೆರಳು ಉಳಿದಿತ್ತಲ್ಲ. ಮೆಹಂದಿ ಹಾಕಿದ್ದು. ನನ್ನವೇ."

ಪರಮೇಶನಿಗೆ ಅದು ಕಂಡೇ ಇರಲಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದ ಕಣ್ಣು. ಕಂಪ್ಯೂಟರಿನ ಮುಂದೆ ಕೂತು ಹುಡುಕತೊಡಗಿದ. ಗಡಿಬಿಡಿಯಲ್ಲಿ ತೆರೆಯಬಾರದ್ದನ್ನು ತೆರೆದ. ಹಾರ ಹಾಕಿದ ಮುಖಗಳು ಸಾಲಾಗಿ ಪರದೆಯ ತುಂಬ ಬಂದವು. ಪ್ರತಿಭಾ ಬಗ್ಗಿ ನೋಡಿದಳು. ಇದು ಚನ್ನರಾಯಪಟ್ಟಣದ ದೊಡ್ಡಯ್ಯ ಮಾವ. ಇದು ಅರಕಲಗೂಡಿನ ನಂಜಮ್ಮ ದೊಡ್ಡವ್ವ. ಇಬ್ಬರೂ ಅವಳ ತಾಯಿಯ ಒಡಹುಟ್ಟಿದವರು, ಇಬ್ಬರೂ ಮೊನ್ನೆ ಊಟಕ್ಕೆ ಬಂದು ಎದುರಿಗೆ ಕೂತವರು.

"ಇವರೆಲ್ಲ ಬದುಕವ್ರಲ್ಲ ಅಣ್ಣಾ?"

ಪರಮೇಶ ಪರದೆ ಮುಚ್ಚಲು ಹೋದ. ಅವಳ ಕಣ್ಣು ಆಗಲೇ ತಾಯಿಯ ಫೋಟೋದ ಕೆಳಗೆ ಕಂಪ್ಯೂಟರ್ ತೋರಿಸುತ್ತಿದ್ದ, ಅದನ್ನು ಮಾಡಿಟ್ಟ ತಾರೀಕಿನ ಮೇಲಿತ್ತು.

"ಇದು ಹದಿನೇಳು. ಅವ್ವ ಹೋಗಿದ್ದು ಹತ್ತೊಂಬತ್ತು. ಹದಿನೇಳನೇ ತಾರೀಕು ಅವ್ವ ನನ್ನ ಕೈಯಲ್ಲಿ ಮಜ್ಜಿಗೆ ಅನ್ನ ಉಂಡ್ಲು. ನೀವೂ ಬಂದಿದ್ರಿ. ಪರಮೇಶ ಸಣ್ಣಗಾಗವ್ನೆ ನೋಡು ಅಂತ ಅಂದಿದ್ಲು ನೀವು ಹೋದ ಮೇಲೆ."

ಅವಳು ಈಗ ಕುರ್ಚಿಯಲ್ಲಿ ಕೂತಳು. ಬೈಯುತ್ತಾಳೆ ಎಂದು ಪರಮೇಶ ತಲೆ ತಗ್ಗಿಸಿದ. ಬೈಯಲಿಲ್ಲ. ಯಾರಿಗೋ ಪಾಠ ಒಪ್ಪಿಸುವವಳ ಹಾಗೆ ಹೇಳುತ್ತಾ ಹೋದಳು.

"ಹಿಂದಿನ ದಿನ ಸ್ವಲ್ಪ ಪರವಾಗಿಲ್ಲ ಅಂದ್ರು, ಮನೆಗೆ ಬಂದಿದ್ದೆ. ಬೆಳಿಗ್ಗೆ ಅವ್ವಂಗೆ ಅಂತ ಅನ್ನ ಮೆತ್ತಗೆ ಕಲಸಿ ಡಬ್ಬಿಗೆ ಹಾಕ್ಕೊಂಡು ಬಸ್ಸು ಹತ್ತಿದೆ. ಶಾಂತಿಗ್ರಾಮದಲ್ಲಿ ಬಸ್ಸು ನಿಂತಿತ್ತು. ಫೋನ್ ತೆಗೆದೆ, ಶಿವಣ್ಣ ಏನಾದ್ರೂ ಮೆಸೇಜ್ ಹಾಕವ್ನಾ ಅಂತ. ಪಕ್ಕದಲ್ಲಿ ಯಾವುದೋ ಹುಡುಗಿ, ಕಿವಿಗೆ ಸಿಕ್ಕಿಸ್ಕೊಂಡು ಹಾಡು ಕೇಳ್ತಿದ್ಲು. ಅವಳ ಮುಂದೆ ಹೆಂಗೆ ಅಳೋದು? ತೊಡೆ ಮೇಲೆ ಡಬ್ಬಿ ಇನ್ನೂ ಬಿಸಿಯಾಗಿತ್ತು. ಹಾಸನದ ತನಕ ಹಂಗೇ ಕೂತಿದ್ದೆ. ಫೋನಲ್ಲಿ ಕೈಗಳು ಬೀಳ್ತಾನೇ ಇದ್ವು, ಟಣ್ ಟಣ್ ಅಂತ."

"ಶಿವು ಬಸ್ ಸ್ಟ್ಯಾಂಡಿಗೆ..."

"ಬಂದಿದ್ದ. ಕೈ ಹಿಡ್ಕೊಂಡು ಹೇಳೋಣ ಅಂತ ಬಂದಿದ್ದ. ಅವನು ಬಾಯಿ ತೆಗೆಯೋಕೆ ಮುಂಚೆ ನಾನೇ 'ಗೊತ್ತು' ಅಂದೆ."

ಪರಮೇಶ ಮೌಸಿನಿಂದ ಕೈ ತೆಗೆದ. ತನ್ನ ಕಡೆಯಿಂದಲೂ ಹೇಳುವುದಿತ್ತು, ಅದನ್ನು ಹೇಳದೆ ಇರಲಾಗಲಿಲ್ಲ.

"ತಾತ ಹೋದಾಗ ಸುದ್ದಿ ತರೋಕೆ ಕಳಿಸಿದ ಆಳು ದಾರೀಲಿ ಕುಡಿದು ಮಲಗ್ಬುಟ್ಟ ಪ್ರತಿಭಾ. ನಮ್ಮವ್ವ ಇಲ್ಲಿಂದ ಅರಕಲಗೂಡಿಗೆ ಓಗೋ ಹೊತ್ಗೆ ಮಣ್ಣಾಗಿ ಮೂರು ಗಂಟೆ. ಅಪ್ಪನ ಮುಖ ನೋಡ್ನಿಲ್ಲ ಅಂತ ಸಾಯೋಗಂಟ ಅತ್ಲು. ಜನಕ್ಕೆ ಬೇಗ ಗೊತ್ತಾಗ್ಲಿ, ಯಾರಿಗೂ ಅಂಗಾಗ್ಬಾರದು ಅಂತಾನೇ ನಾನು ಇದನ್ನ ಶುರು ಮಾಡಿದ್ದು. ಆಣೆಗೂ ಕಣವ್ವಾ."

"ಇರಬಹುದು. ಈಗಲೂ ಅದಕ್ಕೇ ಹಾಕ್ತೀರಾ?"

ಪರಮೇಶ ಪರದೆಯ ಮೇಲಿನ ಹಾರ ಹಾಕಿದ ಮುಖಗಳ ಕಡೆ ನೋಡಿದ.

"ತಿಳಿಸಬೇಡಿ ಅಂತ ನಾನು ಹೇಳಲ್ಲ ಅಣ್ಣಾ. ಅಪ್ಪ ಹೋದಾಗ ನಾನು ಹಾಸನದಲ್ಲಿ ಕಾಲೇಜಲ್ಲಿದ್ದೆ. ದೊಡ್ಡಯ್ಯ ಮಾವ ಬಂದ್ರು. ಅಪ್ಪಂಗೆ ವಸಿ ಜ್ವರ, ನಿನ್ನ ನೋಡ್ಬೇಕಂತೆ, ನಡಿ ಅಂದ್ರು. ಬಸ್ ಸ್ಟ್ಯಾಂಡಲ್ಲಿ ಟೀ ಕುಡಿಸಿದ್ರು, ಬನ್ನು ತಿನ್ನಿಸಿದ್ರು. ಜ್ವರಕ್ಕೆ ಯಾರಾದ್ರೂ ಕಾಲೇಜಿನ ತನಕ ಬರ್ತಾರಾ? ನನಗೆ ಗೊತ್ತಾಗಿತ್ತು. ಮಾವಂಗೂ ಗೊತ್ತಿತ್ತು, ನನಗೆ ಗೊತ್ತಾಗಿದೆ ಅಂತ. ಆದ್ರೂ ಆ ಸುಳ್ಳು ಹಿಡ್ಕೊಂಡು ಊರಿನ ತನಕ ಬಂದೆ. ಪಕ್ಕದಲ್ಲಿ ಒಬ್ಬರಿದ್ರು." ಅವಳು ಎದ್ದು ಬ್ಯಾಗು ಹೆಗಲಿಗೇರಿಸಿದಳು. "ಫೋಟೋ ಕೊಡಿ. ಫೋನಿಗೆ ಕಳಿಸಬೇಡಿ, ಕಾಗದದ ಮೇಲೆ ಕೊಡಿ."

ಪ್ರಿಂಟರ್ ಕರಕರ ಎಂದು ತಾಯಿ ಮಗಳನ್ನು ಒಟ್ಟಿಗೆ ಹೊರಗೆ ತಳ್ಳಿತು. ಅವಳು ಅದನ್ನು ಬ್ಯಾಗಿನಲ್ಲಿ ಎರಡು ಪುಸ್ತಕದ ನಡುವೆ ಇಟ್ಟುಕೊಂಡು ಹೊರಟುಹೋದಳು. ಪರಮೇಶ ಅವತ್ತು ಊಟಕ್ಕೆ ಹೋಗಲಿಲ್ಲ. ಉಳಿದ ಹತ್ತೂ ಫೋಟೋಗಳ ಮೇಲಿನ ಹಾರ ದೀಪಗಳನ್ನು ಒಂದೊಂದಾಗಿ ತೆಗೆದ. ಅವರವರನ್ನು ಅವರವರ ಮದುವೆ ಮನೆಗಳಿಗೆ, ಪಕ್ಕದಲ್ಲಿ ನಿಂತಿದ್ದವರ ಜೊತೆಗೆ ಮತ್ತೆ ಸೇರಿಸಿದ. ತನ್ನ ತಾಯಿ ಹೋದಾಗ ತಾನೇ ಫೋಟೋ ಮಾಡಿ ಹಾಕಿದ್ದು ನೆನಪಾಯಿತು. ನೂರ ಮೂವತ್ತು ಜನ ಕೈ ಮುಗಿದಿದ್ದರು. ಮನೆಗೆ ಬಂದವರು ಹದಿನಾಲ್ಕು ಜನ. ಅವನಿಗೆ ಅಂದು ಬಂದ ಸಿಟ್ಟು ಯಾರ ಮೇಲೆಂದು ಇಂದಿಗೂ ತಿಳಿದಿರಲಿಲ್ಲ. ಅವರಿಗೆ ಬರಬೇಕಾದ ಅಗತ್ಯವೇ ಇಲ್ಲದ ಹಾಗೆ ಮಾಡಿದವನು ತಾನೇ ಅಲ್ಲವೇ ಎಂದು ಮೊದಲ ಸಲ ಅನಿಸಿತು, ಅನಿಸಿ ಸಂಕಟವಾಯಿತು.

ಅವರೆಕಾಯಿಯ ಕಾಲ ಬಂತು. ಒಂದು ಬೆಳಿಗ್ಗೆ ಏಳು ಗಂಟೆಗೆ, ಪರಮೇಶ ಒಲೆಯ ಮೇಲೆ ಹಾಲಿಟ್ಟಿದ್ದಾಗ, ಶಿವಕುಮಾರ್ ಫೋನ್ ಮಾಡಿದ. ದೊಡ್ಡಯ್ಯ ಮಾವ ಚನ್ನರಾಯಪಟ್ಟಣದಲ್ಲಿ ಬೆಳಗಿನ ಜಾವ ತೀರಿಕೊಂಡಿದ್ದರು. ಮಣ್ಣು ಸಾಯಂಕಾಲ ನಾಲ್ಕಕ್ಕೆ.

"ಗ್ರೂಪಿಗೆ ಹಾಕ್ಬುಡಣ್ಣಾ. ಈ ಸಲ ಹತ್ತಿರದೋರ್ಗೆಲ್ಲ ಹೇಳಾಯ್ತು, ಮಕ್ಳೆಲ್ಲ ಮನೇಲೇ ಅವ್ರೆ."

"ನಂಜಮ್ಮ ದೊಡ್ಡವ್ವಂಗೆ?"

"ಅವರ ಮಗ ಲೋಡ್ ತಗಂಡು ಮಂಗಳೂರ್ಗೋಗವ್ನೆ. ಸೊಸೆ ಗಾರ್ಮೆಂಟ್ಸ್ ಬಸ್ಸು ಹತ್ತಿರ್ತಾಳೆ, ಅಲ್ಲಿ ಫೋನ್ ಒಳಿಕ್ಕೆ ಬುಡಲ್ಲ. ದೊಡ್ಡವ್ವನ ತಾವ ಫೋನೈತಲ್ಲ, ಗ್ರೂಪಲ್ಲಿ ನೋಡ್ಕತಳೆ ಬುಡಣ್ಣಾ."

ನಂಜಮ್ಮನಿಗೆ ಓದು ಬಾರದು. ಮೊಮ್ಮಗ ಕೊಡಿಸಿದ ಫೋನನ್ನು ಅವಳು ಬರೀ ಫೋಟೋ ನೋಡಲು ಇಟ್ಟುಕೊಂಡಿದ್ದಳು. ಬೆಳಿಗ್ಗೆ ಕೆಲಸ ಮುಗಿಸಿ, ಜಗಲಿಯ ಮೇಲೆ ಕೂತು, ಬಂದಿರುವ ದೇವರ ಫೋಟೋಗಳನ್ನು ಒಂದೊಂದಾಗಿ ನೋಡಿ ಕೈ ಮುಗಿಯುವಳು. ಒಡಹುಟ್ಟಿದ ನಾಲ್ವರಲ್ಲಿ ಎರಡನೆಯವಳು ಪರಮೇಶನ ತಾಯಿ, ಕೊನೆಯವಳು ಗುರುಸಿದ್ದಮ್ಮ. ಇಬ್ಬರೂ ಆಗಲೇ ಹೋಗಿದ್ದರು. ಈಗ ದೊಡ್ಡಯ್ಯ. ಉಳಿದವಳು ಎಲ್ಲರಿಗಿಂತ ಹಿರಿಯಳಾದ ಅವಳೊಬ್ಬಳೇ.

"ಶಿವು, ಮಧ್ಯಾಹ್ನದಗಂಟ ಯಾರೂ ಏನೂ ಹಾಕೂಡ್ದು. ನಾನು ಅರಕಲಗೂಡಿಗೋಗಿ ಕರ್ಕಂಡ್ ಬತ್ತೀನಿ."

"ಜನ ಬರೋದು ಬ್ಯಾಡ್ವಾ ಅಣ್ಣಾ?"

"ಫೋನ್ ಮಾಡಿ ಹೇಳನ. ಅರ್ಧ ನೀನು ಮಾಡು, ಅರ್ಧ ನಾನು ಮಾಡ್ತೀನಿ."

ಒಲೆ ಆರಿಸಿ, ಹಾಲನ್ನು ಹಾಗೇ ಬಿಟ್ಟು ಹೊರಟ. ಸಂಜಯನಿಗೆ ಫೋನ್ ಮಾಡಿ ಕೈ ಮುಗಿದು ಕೇಳಿಕೊಂಡ. ಅವನು "ಆಯ್ತು ಬುಡಣ್ಣಾ" ಎಂದ. ಅರಕಲಗೂಡಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಒಬ್ಬೊಬ್ಬರಿಗೂ ಕರೆ ಮಾಡಿದ. ಹೇಳುವುದು ಫೋಟೋ ಬಿಟ್ಟಷ್ಟು ಸುಲಭವಿರಲಿಲ್ಲ. ಒಬ್ಬರು ಅತ್ತುಬಿಟ್ಟರು, ಕಾದ. ಇನ್ನೊಬ್ಬರು ಹೇಗಾಯಿತು, ಜೊತೆಗೆ ಯಾರಿದ್ದರು ಎಂದು ಕೇಳಿದರು. ಗೊತ್ತಿರಲಿಲ್ಲ, ಶಿವಕುಮಾರನನ್ನು ಕೇಳಿಕೊಂಡು ಮತ್ತೆ ಅವರಿಗೆ ಹೇಳಿದ. ಅರಕಲಗೂಡು ಬರುವಷ್ಟರಲ್ಲಿ ಹತ್ತೊಂಬತ್ತು ಜನಕ್ಕೆ ಮುಟ್ಟಿಸಿದ್ದ.

ನಂಜಮ್ಮ ಜಗಲಿಯ ಮೇಲೆ ಬೋಗುಣಿ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಫೋನು ಕಿಟಕಿಯಲ್ಲಿ ಚಾರ್ಜಿಗೆ ಇತ್ತು. ಪರಮೇಶ ಮೊದಲು ನೋಡಿದ್ದು ಅದನ್ನೇ.

"ಯಾರ್ಲಾ ಅದು? ಪರಮೇಸನಾ? ಬಾ ಒಳಿಕ್ಕೆ, ಕಾಪಿ ಕಾಯಿಸ್ತೀನಿ."

"ಬ್ಯಾಡ ದೊಡ್ಡವ್ವ." ಅವನು ಮೆಟ್ಟಿಲ ಕೆಳಗೇ ನಿಂತಿದ್ದ. "ಮಾವಂಗೆ ವಸಿ ಜ್ವರ ಜೋರಾಗೈತಂತೆ. ನಿನ್ನ ನೋಡ್ಬೇಕು ಅಂತವ್ರೆ. ಓಗನ ಬಾ."

ಅವಳ ಬೆರಳುಗಳ ನಡುವೆ ಒಂದು ಕಾಳು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅದನ್ನು ಹಿತುಕಿ ಬೋಗುಣಿಗೆ ಹಾಕಿ, "ಸೀರೆ ಬದಲಾಯಿಸ್ಕಂಡು ಬತ್ತೀನಿ ಇರು" ಎಂದಳು. ಪರಮೇಶ ಬೋಗುಣಿ ಒಳಗಿಟ್ಟು, ಪಕ್ಕದ ಮನೆಗೆ ಬೀಗದ ಕೈ ಕೊಟ್ಟ. ಬಸ್ ನಿಲ್ದಾಣದಲ್ಲಿ ಅವಳಿಗೆ ಕಾಫಿ ಕುಡಿಸಿದ. ಬೇಡವೆಂದರೂ ಎರಡು ಇಡ್ಲಿ ತಿನ್ನಿಸಿದ. ಹಾಸನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ತಾನು ಈ ಕಡೆ ಕೂತ.

ಎರಡು ಮೂರು ಊರು ದಾಟಿರಬೇಕು. ಅವಳ ಕೈಚೀಲದೊಳಗೆ ಫೋನು ಟಣ್ ಎಂದಿತು. ಮತ್ತೆ ಟಣ್. ಆಮೇಲೆ ಬಿಡುವಿಲ್ಲದೆ.

"ಯಾರೋ ಫೋಟೋ ಬುಟ್ಟವ್ರೆ. ಕನ್ನಡಕ ಮನೇಲೇ ಮರ್ತೆ, ನೋಡ್ಲಾ ಮಗ" ಎಂದು ತೆಗೆದು ಅವನ ಕೈಗೆ ಕೊಟ್ಟಳು.

ಪರಮೇಶ ನೋಡಿದ. ರುಮಾಲು ಸುತ್ತಿದ ದೊಡ್ಡಯ್ಯ ಮಾವ, ಹಾರ, ಎರಡು ದೀಪ. ಸಂಜಯನಿಗೆ ತಡೆಯಲಾಗಿರಲಿಲ್ಲ. ಕೆಳಗೆ ಕೈಗಳು ಬೀಳುತ್ತಿದ್ದವು. ಪಾಪ, ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ಪರಮೇಶನಿಗೂ ಇರಲಿಲ್ಲ.

"ಏನ್ಲಾ ಅದು?"

"ಯಾರದೋ ಮದ್ವೆ ಫೋಟೋ ದೊಡ್ಡವ್ವ."

"ಯಾರ್ ಮದ್ವೆ?"

ಮೂವತ್ತು ವರ್ಷ ಬಳಗದ ಮದುವೆಗಳನ್ನೆಲ್ಲ ತೆಗೆದವನ ಬಾಯಿಗೆ ಆ ಹೊತ್ತಿನಲ್ಲಿ ಒಂದು ಹೆಸರೂ ಬರಲಿಲ್ಲ. ನಂಜಮ್ಮ ಅವನ ಕೈಯಿಂದ ಫೋನನ್ನು ನೋಡದೆಯೇ ತೆಗೆದುಕೊಂಡು ಚೀಲದ ತಳಕ್ಕೆ ಇಳಿಬಿಟ್ಟಳು.

"ಸುಮ್ಕಿರು ಮಗ. ನೀನು ಬಾಗ್ಲಲ್ಲಿ ನಿಂತು ಕಾಪಿ ಬ್ಯಾಡ ಅಂದಾಗ್ಲೇ ನಂಗೊತ್ತಾಯ್ತು."

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಪರಮೇಶನಿಗೆ ಸಮಾಧಾನ ಹೇಳಲು ಬಾರದು, ಯಾರಿಗೂ ಹೇಳಿ ಅಭ್ಯಾಸವಿರಲಿಲ್ಲ. ಅವಳಿಗೆ ತನ್ನ ಮೈ ತಾಕುವ ಹಾಗೆ ಹತ್ತಿರ ಸರಿದು ಕೂತ, ಅಷ್ಟೆ. ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡಳು.

"ಗುರುಸಿದ್ದಿ ಓಗಿದ್ದು ನಾನು ಫೋಟೋದಲ್ಲೇ ನೋಡಿದ್ದು ಕಣ್ಲಾ. ಮನೇಲಿ ಯಾರೂ ಇರ್ನಿಲ್ಲ. ಹಾರ ಅದೆ, ದೀಪ ಅದೆ, ಯಾವ್ದೋ ದೇವ್ರು ಅಂತ ಕಣ್ಣು ಮುಚ್ಚಿ ಕೈ ಮುಗಿದ್ಬುಟ್ಟೆ. ಒಳ್ಳೇದು ಮಾಡವ್ವ ಅಂತ ಬೇಡ್ಕಂಡೆ. ಕಣ್ಣು ಬುಟ್ಟು ನೋಡುದ್ರೆ ನನ್ ತಂಗಿ."

"ಅದು ನಾನೇ ಹಾಕಿದ್ದು ದೊಡ್ಡವ್ವ."

"ಗೊತ್ತು. ಯೋಳುದ್ರು." ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಈಗ ನಿಜ ಯೋಳು. ದೊಡ್ಡಯ್ಯ ಎಂಗೋದ? ಸಂಕಟ ಪಟ್ನಾ?"

"ಇಲ್ಲ ದೊಡ್ಡವ್ವ. ಐದು ಗಂಟೆಗೆ ಎದ್ದು ನೀರು ಕೇಳುದ್ರಂತೆ. ಸೊಸೆ ಕುಡುಸಿದ್ಲಂತೆ. ಗೋಡೆಗೆ ಒರಗಿ ಕೂತವ್ರು ಅಂಗೇ..."

"ನೀರು ಕುಡ್ದ ಅಲ್ವಾ? ಸದ್ಯ." ಆ ಒಂದು ಗುಟುಕು ನೀರಿನ ವಿಷಯವನ್ನು ಅವಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ, ದನಿ ಇಳಿಸಿ ಕೇಳಿದಳು. "ನಿಮ್ಮವ್ವ ಎಂಗೋದ್ಲು ಪರಮೇಸ? ಅವಳದೂ ಫೋಟೋನೇ ಬಂತು. ಕೈ ಮುಗ್ದೆ. ಕಾಲು ನೋವು ಅಂತ ನೆಪ ಮಾಡ್ಕಂಡು ಮನೇಲೇ ಕೂತೆ. ನನ್ನ ಬೆನ್ನಿಗೆ ಬಿದ್ದೋಳು ಕಣ್ಲಾ ಅವ್ಳು. ಕೊನೇಲಿ ಏನಂದ್ಲು, ಏನ್ ಉಂಡಿದ್ಲು, ನಂಗ್ಯಾರೂ ಯೋಳ್ನಿಲ್ಲ."

ಪರಮೇಶ ಅವಳ ಮುಖ ನೋಡಿದ. ಮೂರು ವರ್ಷದಲ್ಲಿ ಈ ಮಾತನ್ನು ಯಾರೊಬ್ಬರೂ ಅವನನ್ನು ಕೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದರೆ ಕಣ್ಣು ತುಂಬಿಕೊಂಡು ಎದುರಿನ ಸೀಟು ಮಸುಕಾಯಿತು. ನಂಜಮ್ಮ ಅವಸರ ಮಾಡಲಿಲ್ಲ. ಚೀಲವನ್ನು ಕಾಲ ಬಳಿ ಇಳಿಸಿ, ಅವನ ಮಣಿಕಟ್ಟು ಹಿಡಿದುಕೊಂಡು ಕಾದಳು. ಟಿಕೆಟ್ಟಿಗೆ ಬಂದ ಕಂಡಕ್ಟರ್ ಇಬ್ಬರನ್ನೂ ನೋಡಿ ಹಿಂದಿನ ಸೀಟಿಗೆ ಹೋದ.

"ಅವತ್ತು ಬೆಳಿಗ್ಗೆ ಚೆನ್ನಾಗೇ ಇದ್ಲು ದೊಡ್ಡವ್ವ" ಎಂದು ಪರಮೇಶ ಶುರು ಮಾಡಿದ. "ತಲೆ ಬಾಚ್ಕೊಡು ಅಂದ್ಲು. ನಂಗೆಲ್ಲಿ ಬರುತ್ತವ್ವ ಅಂದೆ. ಬಾರದಿದ್ರೆ ಕಲ್ತ್ಕೊ, ಬಾ ಕೂತ್ಕೊ ಅಂದ್ಲು..."